ಜರ್ಮನ್ ಸೈನಿಕರ ಹಳೆಯ ಸಾಮಾನು: ನಾಲ್ಕು ಸೇನೆಗಳಲ್ಲಿ ಯಾವುದರಿಂದ ಶುರು ಮಾಡಬೇಕು?

ಜರ್ಮನಿಯ ಹಳೆ ಸಾಮಾನಿನ ಸಂತೆಗಳಲ್ಲಿ ಗೋಡಂಬಿಯಂತೆ ಒಂದು ಬದಿಗೆ ಬಾಗಿದ, ಬಣ್ಣ ಮಾಸಿದ ಅಲ್ಯೂಮಿನಿಯಂ ಊಟದ ಡಬ್ಬಿ ಎಲ್ಲಾದರೊಂದು ಮೇಜಿನ ಮೇಲೆ ಕೂತಿರುತ್ತದೆ. ಅದರ ಕುತ್ತಿಗೆಗೆ ‘ವೆರ್ಮಾಖ್ಟ್, ಎರಡನೇ ಮಹಾಯುದ್ಧ’ ಎಂಬ ಚೀಟಿ. ಡಬ್ಬಿ ಅಸಲಿ, ಚೀಟಿ ಸುಳ್ಳು. ಈ ಹವ್ಯಾಸಕ್ಕೆ ಇಳಿದ ಹೊಸಬರು ದುಡ್ಡು ಕಳೆದುಕೊಳ್ಳುವುದು ಪೂರಾ ಖೋಟಾ ಮಾಲಿನಿಂದ ಮಾತ್ರವಲ್ಲ, ಇಂಥ ಅರ್ಧಸತ್ಯದಿಂದಲೂ ಹೌದು. ಆ ಡಬ್ಬಿಯ 1931ರ ಮಾದರಿ 1945ರಲ್ಲಿ ಹಿಟ್ಲರನ ಸೇನೆಯ ಜೊತೆ ಮುಗಿದುಹೋಗಲಿಲ್ಲ. ಯುದ್ಧದ ನಂತರ ಹುಟ್ಟಿದ ಎರಡೂ ಜರ್ಮನಿಗಳ ಸೇನೆಗಳು ಅದೇ ಬಾಗಿದ ಆಕಾರವನ್ನು ಉಳಿಸಿಕೊಂಡವು. ಸೋವಿಯತ್ ಮತ್ತು ಜಪಾನಿ ಸೈನಿಕರ ಬಳಿಯೂ ಹೆಚ್ಚುಕಡಿಮೆ ಇಂಥದೇ ಡಬ್ಬಿ ಇತ್ತು.

ಹಾಗಾಗಿ ‘ಇದು ಅಸಲಿಯೇ?’ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ‘ಇದು ಯಾವ ಸೇನೆಯದು?’ ಎಂದು. ಆಯ್ಕೆ ನಾಲ್ಕು: 1918ರವರೆಗಿನ ಕೈಸರನ (ಜರ್ಮನ್ ಚಕ್ರವರ್ತಿಯ) ಸೇನೆ, ಹಿಟ್ಲರನ ಕಾಲದ ವೆರ್ಮಾಖ್ಟ್, ಪಶ್ಚಿಮ ಜರ್ಮನಿಯ ಬುಂಡೆಸ್‌ವೇರ್, ಪೂರ್ವ ಜರ್ಮನಿಯ ಎನ್‌ವಿಎ. ಓದಲಿಕ್ಕೋ ಕೆಲಸಕ್ಕೋ ಜರ್ಮನಿಗೆ ಹೋಗಿರುವ ಕನ್ನಡಿಗರಿಗೆ ಈ ನಾಲ್ಕೂ ಭಾನುವಾರದ ಸಂತೆಯಲ್ಲೇ ಸಿಗುತ್ತವೆ. ಊರಲ್ಲಿದ್ದು ಅಂಚೆಯಲ್ಲಿ ತರಿಸುವವರಿಗೆ ಸಿಗುವುದು ಫೋಟೊ ಮಾತ್ರ, ಆದ್ದರಿಂದ ಅವರು ಇನ್ನಷ್ಟು ಬಿಗಿಯಾಗಿರಬೇಕು. ಇಲ್ಲಿ ನಾನು ಹೇಳುವುದೆಲ್ಲ ಸೈನಿಕ ಮೈಮೇಲೆ ಹೊತ್ತು ನಡೆದ ಸಾಮಾನಿನ ಬಗ್ಗೆ: ಬೆಲ್ಟು, ಚೀಲ, ನೀರಿನ ಬಾಟಲಿ, ಡೇರೆ ಬಟ್ಟೆ, ದುರ್ಬೀನು. ಪದಕ, ಬಾವುಟ, ಬ್ಯಾಡ್ಜುಗಳ ವ್ಯಾಪಾರವೇ ಬೇರೆ, ಅದರ ಸಹವಾಸ ನನಗೆ ಬೇಡ.

ಮೊದಲು ಪೂರ್ವ ಜರ್ಮನಿ

ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಎನ್‌ವಿಎ ಸಾಮಾನಿನಿಂದ. 1956ರ ಮಾರ್ಚ್ 1ರಂದು ಹುಟ್ಟಿದ ಈ ಸೇನೆ 1990ರ ಅಕ್ಟೋಬರ್ 2ರಂದು, ಎರಡು ಜರ್ಮನಿಗಳು ಒಂದಾಗುವ ಹಿಂದಿನ ದಿನ, ಇಲ್ಲವಾಯಿತು. ಒಂದು ಇಡೀ ಸೇನೆಯ ಉಗ್ರಾಣ ಮಾರುಕಟ್ಟೆಗೆ ಬಂತು. ಬಳಸದ, ಹೊಸದಾಗಿಯೇ ಉಳಿದ ಬೆಲ್ಟು, ಚೀಲ, ಭುಜಪಟ್ಟಿಗಳು ಇಂದಿಗೂ ಸಿಗುತ್ತವೆ. ಬೆಲೆ ಕಡಿಮೆ ಇರುವುದರಿಂದ ನಕಲಿ ಮಾಡುವವನಿಗೆ ಲಾಭವಿಲ್ಲ, ನಿಮಗೆ ಇರುವ ದೊಡ್ಡ ರಕ್ಷಣೆ ಅದೇ.

ಗುರುತಿಸುವುದೂ ಸುಲಭ. ಬಕಲಿನ ಮೇಲೆ ತೆನೆಗಳ ಹಾರದ ನಡುವೆ ಸುತ್ತಿಗೆ ಮತ್ತು ಕೈವಾರ. 1960ರ ದಶಕದ ನಡುವಿನಿಂದ ಬಂದ ಬಟ್ಟೆಯ ಸಾಮಾನಿನ ಮೇಲೆ ಬೂದುಹಸಿರು ನೆಲಕ್ಕೆ ಕಂದು ಬಣ್ಣದ ಸಣ್ಣ ಸಣ್ಣ ಲಂಬ ಗೆರೆಗಳು. ಇದನ್ನು ಸೈನಿಕರು ‘ಐನ್ ಷ್ಟ್ರಿಶ್, ಕೈನ್ ಷ್ಟ್ರಿಶ್’, ಅಂದರೆ ‘ಒಂದು ಗೆರೆ ಇದೆ, ಒಂದು ಗೆರೆ ಇಲ್ಲ’ ಎಂದು ತಮಾಷೆ ಮಾಡುತ್ತಿದ್ದರು. ಪೋಲೆಂಡ್, ಜೆಕೊಸ್ಲೊವಾಕಿಯಾಗಳಲ್ಲಿಯೂ ಮಳೆ ಹನಿಯುವಂಥ ಗೆರೆಯ ಬಟ್ಟೆ ಇತ್ತು. ಮೂರನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ಗೊಂದಲವಾಗುವುದಿಲ್ಲ.

ಅಗ್ಗದ ಮಾಲೆಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಆದರೆ ವೆರ್ಮಾಖ್ಟ್ ಹೆಸರಿನಲ್ಲಿ ಮಾರಾಟವಾಗುವ ಮಾಲಿನಲ್ಲಿ ಪೂರ್ವ ಜರ್ಮನಿಯದು ಎಷ್ಟು ಸೇರಿಕೊಂಡಿದೆ ಎಂದು ಗೊತ್ತಾಗಬೇಕಾದರೆ ಪೂರ್ವ ಜರ್ಮನಿಯ ಮಾಲನ್ನು ಕೈಯಲ್ಲಿ ಹಿಡಿದು ಅಭ್ಯಾಸವಾಗಿರಬೇಕು. ಕಣ್ಣು ಪಳಗಿಸಿಕೊಳ್ಳಲು ಇದಕ್ಕಿಂತ ಕಡಿಮೆ ಖರ್ಚಿನ ಪಾಠಶಾಲೆ ಇಲ್ಲ.

ಊಟದ ಡಬ್ಬಿಯನ್ನು ನೋಡುವ ಬಗೆ

ಹೋಲಿಕೆ ಎಂದರೆ ಏನೆಂದು ತೋರಿಸಲು ಆ ಡಬ್ಬಿಯೇ ಸಾಕು. ಮುಚ್ಚಳ ತೆಗೆಯಿರಿ. ಒಳಗೆ ಇನ್ನೊಂದು ಬಟ್ಟಲು ಕೂತಿದ್ದರೆ ಅದು ಮೂರು ಭಾಗದ ಬುಂಡೆಸ್‌ವೇರ್ ಡಬ್ಬಿ, ಮುಂದೆ ನೋಡುವ ಅಗತ್ಯವಿಲ್ಲ. ಒಳಬಟ್ಟಲು ಇಲ್ಲದಿದ್ದರೆ ಅದು ಕಳೆದುಹೋಗಿರಬಹುದು ಎಂಬುದನ್ನೂ ನೆನಪಿಡಿ. ಪಾತ್ರೆ ಮತ್ತು ಮುಚ್ಚಳ ಎರಡೇ ಇರುವುದು ವೆರ್ಮಾಖ್ಟಿನ 1931ರ ಮಾದರಿಯಲ್ಲಿ, ಎನ್‌ವಿಎ ಮಾದರಿಯಲ್ಲಿಯೂ ಹಾಗೆಯೇ. ಎಡವುವುದು ಇಲ್ಲೇ.

ಆಗ ಮುಚ್ಚಳದ ಮಡಚುವ ಹಿಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತಯಾರಕನ ಅಕ್ಷರಗಳು ಮತ್ತು ಎರಡಂಕಿಯ ಇಸವಿ ಒತ್ತಿರುತ್ತವೆ. 39 ಎಂದಿದ್ದರೆ ಒಂದು ಕಥೆ, 69 ಎಂದಿದ್ದರೆ ಬೇರೆಯೇ ಕಥೆ. ಅಂತರಜಾಲದ ಮಾರಾಟಗಾರರಲ್ಲಿ ಕೆಲವರು ಡಬ್ಬಿಯ ಹತ್ತು ಫೋಟೊ ಹಾಕಿ ಹಿಡಿಯ ಆ ಒಂದು ಅಂಗುಲವನ್ನು ಮಾತ್ರ ಬಿಟ್ಟಿರುತ್ತಾರೆ. ಕೇಳಿ. ಕೊಡದಿದ್ದರೆ ಮುಂದಿನ ಡಬ್ಬಿ ನೋಡಿ. ಹಿಡಿಯ ಇಸವಿ ಮತ್ತು ಪಾತ್ರೆಯ ಇಸವಿ ಬೇರೆಬೇರೆ ಇದ್ದರೆ ಗಾಬರಿ ಬೇಡ. ಸೈನಿಕರ ಮುಚ್ಚಳಗಳು ಅದಲುಬದಲಾಗುವುದು ಸಹಜ. ಎರಡೂ ಒಂದೇ ಯುಗದವಾಗಿದ್ದರೆ ಸಾಕು.

ನಂತರ ಲೋಹ. ಯುದ್ಧದ ಮೊದಲರ್ಧದ ಡಬ್ಬಿ ಅಲ್ಯೂಮಿನಿಯಂ. ವಿಮಾನಗಳಿಗೇ ಅಲ್ಯೂಮಿನಿಯಂ ಸಾಲದಾದಾಗ, ಸುಮಾರು 1943ರಿಂದ, ಎನಾಮಲ್ ಹಚ್ಚಿದ ಉಕ್ಕಿನ ಡಬ್ಬಿಗಳು ಬಂದವು. ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿದ್ದರೆ ಇದು ಕ್ಷಣದ ಕೆಲಸ. ಉಕ್ಕಿನದರಲ್ಲಿ ಎನಾಮಲ್ ಚಕ್ಕೆ ಎದ್ದ ಕಡೆ ತುಕ್ಕು ಒಳಗಿನಿಂದ ಹಬ್ಬಿರಬೇಕು, ಮೇಲೆ ಬಳಿದಂತೆ ಇರಬಾರದು.

ಕೊನೆಗೆ ಬಣ್ಣ. ಅಸಲಿ ಬಣ್ಣ ಸವೆಯುವುದು ಕೈ ಮತ್ತು ಪಟ್ಟಿ ತಾಗುವ ಜಾಗಗಳಲ್ಲಿ: ತಂತಿ ಹಿಡಿಕೆಯ ಕಿವಿ, ಮುಚ್ಚಳದ ಅಂಚು, ಚರ್ಮದ ಪಟ್ಟಿ ಹಾದುಹೋಗುವ ದಾರಿ. ಒತ್ತಿದ ಅಕ್ಷರದ ತಗ್ಗಿನಲ್ಲಿ ದಪ್ಪ ಬಣ್ಣ ತುಂಬಿದ್ದರೆ, ಗೀರುಗಳ ಮೇಲೆಯೇ ಬಣ್ಣ ಹರಿದಿದ್ದರೆ ಯಾರೋ ಈಚೆಗೆ ಬಳಿದಿದ್ದಾರೆ ಎಂದರ್ಥ. ಎನ್‌ವಿಎ ಡಬ್ಬಿಗೆ ಬೂದುಹಸಿರು ಬಳಿದು ವಯಸ್ಸು ಹೆಚ್ಚಿಸುವುದು ಕಷ್ಟದ ವಿದ್ಯೆಯೇನಲ್ಲ.

ಬುಂಡೆಸ್‌ವೇರ್: ಬಳಕೆಗೆ ಒಳ್ಳೆಯದು, ಸಂಗ್ರಹಕ್ಕೆ ಅಷ್ಟಕ್ಕಷ್ಟೆ

1955ರ ನವೆಂಬರ್ 12ರಂದು ಶುರುವಾದ ಪಶ್ಚಿಮದ ಸೇನೆ ಇಂದೂ ಇದೆ, ಅದರ ಹಳೆ ಸಾಮಾನು ಇಂದೂ ಹೊರಬರುತ್ತಲೇ ಇದೆ. ಸರ್ಕಾರದ ಹಳೆ ಮಾಲು ವಿಲೇವಾರಿ ಮಾಡುವ ಫ್ರಾಂಕ್‌ಫರ್ಟ್‌ನ ವೇಬೆಗ್ ಸಂಸ್ಥೆ ಅದನ್ನು ಹರಾಜಿಗಿಡುತ್ತದೆ, ಚಿಲ್ಲರೆ ವ್ಯಾಪಾರಿಗಳು ಅಲ್ಲಿಂದ ಕೊಳ್ಳುತ್ತಾರೆ. ಕುದುರೆಮುಖ ಹತ್ತಲು ಗಟ್ಟಿ ಚೀಲ ಬೇಕೆಂದರೆ ಧಾರಾಳವಾಗಿ ಕೊಳ್ಳಿ. ಗುರುತಿಗೆ ಹದಿಮೂರು ಅಂಕಿಯ ಸರಬರಾಜು ಸಂಖ್ಯೆ ಇರುತ್ತದೆ: ಸೈನಿಕನ ವೈಯಕ್ತಿಕ ಸಾಮಾನಾದರೆ ಮೊದಲ ನಾಲ್ಕು ಅಂಕಿ 8465, ನಂತರದ 12 ಎಂದರೆ ಜರ್ಮನಿ. (ಅದೇ ಪದ್ಧತಿಯಲ್ಲಿ ಭಾರತದ ಸಂಖ್ಯೆ 72.) ಈ ಸಂಖ್ಯೆ ಇರುವ ಯಾವ ವಸ್ತುವೂ ಮಹಾಯುದ್ಧದ್ದಲ್ಲ, ಮಾರುವವನು ತನ್ನ ಅಜ್ಜನ ಆಣೆ ಹಾಕಿದರೂ ಅಲ್ಲ. ಬಕಲಿನ ಮೇಲೆ ಹದ್ದಿನ ಸುತ್ತ ‘ಐಕ್ಯ, ನ್ಯಾಯ, ಸ್ವಾತಂತ್ರ್ಯ’ ಎಂಬರ್ಥದ ಮೂರು ಜರ್ಮನ್ ಪದಗಳಿರುತ್ತವೆ.

ಸಂಗ್ರಾಹಕನಿಗೆ ರುಚಿಸುವುದು 1950ರ ದಶಕದ ಮಾಲು ಮಾತ್ರ. ಆಗ ಬಳಸಿದ, ಚೂಪು ಮೂಲೆಯ ಬಣ್ಣದ ತುಂಡುಗಳ ಮರೆಮಾಚು ಬಟ್ಟೆ ಯುದ್ಧಕಾಲದ್ದನ್ನೇ ಹೋಲುತ್ತದೆ. 1951ರಲ್ಲಿ ಹುಟ್ಟಿದ ಗಡಿ ರಕ್ಷಣಾ ಪಡೆಯೂ ಯುದ್ಧಕಾಲದ ‘ಜೌಗು’ ವಿನ್ಯಾಸದ ಬಟ್ಟೆಯನ್ನು ವರ್ಷಗಟ್ಟಲೆ ಬಳಸಿತು. ಈ ಎರಡೂ ವೆರ್ಮಾಖ್ಟ್ ಎಂಬ ಹೆಸರಿನಲ್ಲಿ ಓಡಾಡುತ್ತವೆ. ಇವು ತಾವಾಗಿಯೇ ಒಳ್ಳೆಯ ವಸ್ತುಗಳು, ಅವುಗಳದೇ ಬೆಲೆಗೆ ಸಿಕ್ಕರೆ ಬಿಡಬೇಡಿ.

ವೆರ್ಮಾಖ್ಟ್: ಎಲ್ಲರಿಗೂ ಬೇಕಾದದ್ದು, ಅದಕ್ಕೇ ಅಪಾಯದ್ದು

ಬಹುಪಾಲು ಜನ ಈ ಹವ್ಯಾಸಕ್ಕೆ ಬರುವುದೇ ಇದಕ್ಕಾಗಿ. ನಕಲಿ ಮಾಡುವವರೂ ಕೈಯಿಡುವುದು ಇಲ್ಲೇ. ಸಿನಿಮಾದವರಿಗೆ, ಯುದ್ಧದ ಮರುಪ್ರದರ್ಶನ ಮಾಡುವವರಿಗೆ ಎಂದು ಪ್ರಾಮಾಣಿಕವಾಗಿಯೇ ತಯಾರಾದ ಪ್ರತಿಗಳು ನಾಲ್ಕು ಮಳೆಗಾಲ ಕಂಡು, ಕೈಯಿಂದ ಕೈಗೆ ದಾಟಿ, ‘ಅಟ್ಟದಲ್ಲಿ ಸಿಕ್ಕಿದ್ದು’ ಆಗಿಬಿಡುತ್ತವೆ.

ವೆರ್ಮಾಖ್ಟ್ ವಸ್ತುವಿನಲ್ಲಿ ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು: ತಯಾರಕನ ಗುರುತು, ಇಸವಿ, ಕಚ್ಚಾವಸ್ತು. ಯುದ್ಧದ ಮೊದಲ ವರ್ಷದವರೆಗೆ ತಯಾರಕನ ಹೆಸರು, ಊರು ಬಿಚ್ಚಾಗಿಯೇ ಒತ್ತಿರುತ್ತಿದ್ದವು. ನಂತರ ಕಾರ್ಖಾನೆ ಯಾವುದೆಂದು ಶತ್ರುವಿಗೆ ತಿಳಿಯಬಾರದೆಂದು ಸಣ್ಣ ಅಕ್ಷರಗಳ ಸಂಕೇತ ಬಂತು. ಯುದ್ಧದ ಕೊನೆಯ ವರ್ಷಗಳಲ್ಲಿ ಚರ್ಮ ಮತ್ತು ಬಟ್ಟೆಯ ಸಾಮಾನಿಗೆ ‘ಆರ್‌ಬಿ’ ಅಕ್ಷರಗಳೊಂದಿಗೆ ಉದ್ದನೆಯ ಕಾರ್ಖಾನೆ ಸಂಖ್ಯೆ. 1938 ಎಂಬ ಇಸವಿಯ ಪಕ್ಕದಲ್ಲಿ ಆರ್‌ಬಿ ಸಂಖ್ಯೆ ಕಂಡರೆ ಆ ಚೀಲವನ್ನು ಮೇಜಿನ ಮೇಲೆ ಇಟ್ಟು ನಡೆಯಿರಿ.

ಈ ಪರೀಕ್ಷೆಗೆ ಅತಿ ಹಿತವಾದ ವಸ್ತು ಸೇನೆಯ 6x30 ದುರ್ಬೀನು. ಅದರ ಮೇಲಿನ ‘ಬಿಎಲ್‌ಸಿ’ ಎಂದರೆ ಯೇನಾ ಊರಿನ ತ್ಸೈಸ್, ‘ಬಿಇಎಚ್’ ಎಂದರೆ ವೆಟ್ಸ್‌ಲಾರ್‌ನ ಲೈಟ್ಸ್, ‘ಸಿಎಕ್ಸ್‌ಎನ್’ ಎಂದರೆ ರಾಟೆನೋದ ಬುಷ್. ಕ್ಯಾಮೆರಾ ಬಲ್ಲವರಿಗೆ ಮೊದಲೆರಡು ಹೆಸರು ಪರಿಚಯ ಹೇಳಬೇಕಾಗಿಲ್ಲ. ದುರ್ಬೀನನ್ನು ನಕಲಿ ಮಾಡುವುದು ಖರ್ಚಿನ ಕೆಲಸ, ಆದ್ದರಿಂದ ಪೂರಾ ಖೋಟಾ ಅಪರೂಪ. ಒಳಗಿನ ಗಾಜಿನ ಮೇಲೆ ಬೂಷ್ಟು ಹಿಡಿದಿದೆಯೇ, ಎರಡು ಕಣ್ಣಿನ ಚಿತ್ರ ಒಂದಾಗಿ ಕೂಡುತ್ತದೆಯೇ ಎಂಬುದು ಇಲ್ಲಿ ದೊಡ್ಡ ಚಿಂತೆ. ಮೊದಲ ವೆರ್ಮಾಖ್ಟ್ ವಸ್ತು ಯಾವುದಿರಲಿ ಎಂದು ಕೇಳಿದವರಿಗೆ ನಾನು ಸೂಚಿಸುವುದು ಇದನ್ನೇ, ಅದಿಲ್ಲದಿದ್ದರೆ ನೀರಿನ ಬಾಟಲಿಯನ್ನು.

ನೀರಿನ ಬಾಟಲಿ 0.8 ಲೀಟರಿನದು. ಮೈಗೆ ಕಂದು ಬಣ್ಣದ ಉಣ್ಣೆಯ ಫೆಲ್ಟ್ ಅಂಗಿ, ಅದನ್ನು ಬಿಗಿಯುವ ಟಿಚ್ ಬಟನ್‌ಗಳು, ಮೇಲೆ ಚರ್ಮದ ಪಟ್ಟಿಯಲ್ಲಿ ಕಟ್ಟಿದ ಲೋಟ. ಮೊದಮೊದಲು ಕಪ್ಪು ಬಳಿದ ಅಲ್ಯೂಮಿನಿಯಂ ಲೋಟ, ಆಮೇಲೆ ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಅಥವಾ ಎನಾಮಲ್ ಉಕ್ಕು. ಟಿಚ್ ಬಟನ್ ಮೇಲೆ ‘ಪ್ರಿಮ್’ ಎಂಬ ಅಕ್ಷರ ಕಂಡೊಡನೆ ಹಿಗ್ಗುವವರಿದ್ದಾರೆ. ಆಖನ್ ಬಳಿಯ ಷ್ಟೋಲ್ಬರ್ಗ್‌ನ ಆ ಕಂಪನಿ ಯುದ್ಧಕ್ಕೆ ಮುಂಚೆಯೂ ಇತ್ತು, ಇಂದೂ ಇದೆ. ಬಟನ್ ಒಂದರಿಂದ ಏನೂ ಸಾಬೀತಾಗುವುದಿಲ್ಲ. ಫೆಲ್ಟ್‌ನ ಸಡಿಲ ಎಳೆಯೊಂದನ್ನು, ಮಾರುವವರ ಒಪ್ಪಿಗೆ ಪಡೆದು, ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಅದು ಈಚಿನ ಸಂಶ್ಲೇಷಿತ ಎಳೆ.

ಬಿಸಿ ಪ್ರದೇಶಕ್ಕೆಂದು ಮಾಡಿದ ಇನ್ನೊಂದು ಬಾಟಲಿ ಇದೆ. ಅದಕ್ಕೆ ಫೆಲ್ಟ್ ಬದಲು ರಾಳದಲ್ಲಿ ನೆನೆಸಿ ಒತ್ತಿದ ಮರದ ಪದರದ ಗಟ್ಟಿ ಕವಚ. ಕಂದು ಬಣ್ಣದ ಆ ಗಂಟು ನೋಟದಿಂದಾಗಿ ಸಂಗ್ರಾಹಕರು ಅದನ್ನು ‘ತೆಂಗಿನಕಾಯಿ ಬಾಟಲಿ’ ಎನ್ನುತ್ತಾರೆ. ಕವಚ ಬಿರುಕು ಬಿಟ್ಟಿರುವುದು ಸಾಮಾನ್ಯ, ಅದನ್ನು ಅಂಟು ಹಾಕಿ ಸರಿಮಾಡಲು ಹೋಗಬೇಡಿ.

ಬ್ರೆಡ್ ಚೀಲ ಅಗ್ಗವಾಗಿ ಸಿಗುವ, ನೋಡಲು ಸಪ್ಪೆಯಾದ, ಆದರೆ ಪಾಠ ಕಲಿಸುವ ವಸ್ತು. ಬೆಲ್ಟಿಗೆ ಎರಡು ಗುಂಡಿ ಹಾಕುವ ಪಟ್ಟಿ, ನಡುವೆ ಕೊಕ್ಕೆಯ ಪಟ್ಟಿ. 1944ರ ಮಾದರಿಯಲ್ಲಿ ಬಂದೂಕು ಶುಚಿಮಾಡುವ ತಗಡಿನ ಡಬ್ಬಿಗೆ ಪ್ರತ್ಯೇಕ ಜೇಬು ಸೇರಿತು. ಗುಂಡಿನ ಚರ್ಮದ ಚೀಲಗಳೂ ಧಾರಾಳವಾಗಿವೆ: ಒಂದರಲ್ಲಿ ಮೂರು ಜೇಬು, ಜೇಬಿಗೆ ಹತ್ತರಂತೆ ಮೂವತ್ತು ಗುಂಡು, ಸೊಂಟದ ಎರಡು ಕಡೆ ಸೇರಿ ಅರವತ್ತು. ಯುದ್ಧದ ನಂತರ ನಾರ್ವೆಯಂಥ ದೇಶಗಳು ಇವನ್ನೇ ಬಳಸಿದವು, ಹಾಗಾಗಿ ಜರ್ಮನ್ ಗುರುತಿನ ಮೇಲೆ ಬೇರೆ ದೇಶದ ಮೊಹರು ಕಾಣಬಹುದು. ನನಗೆ ಅದು ದೋಷವೆನ್ನಿಸುವುದಿಲ್ಲ, ಬೆಲೆಯಲ್ಲಿ ಚೌಕಾಸಿ ಮಾಡಲು ಮಾತ್ರ ಅನುಕೂಲ.

ತ್ರಿಕೋನದ ಡೇರೆ ಬಟ್ಟೆಯನ್ನು ಒಮ್ಮೆಯಾದರೂ ಮುಟ್ಟಿ ನೋಡಬೇಕು. ಎರಡು ಬದಿ ಸುಮಾರು ಎರಡು ಮೀಟರ್, ತಳ ಅದಕ್ಕಿಂತ ಉದ್ದ, ಅಂಚಿನುದ್ದಕ್ಕೂ ಲೋಹದ ಗುಂಡಿ ಮತ್ತು ಕಾಜ. ಒಬ್ಬನೇ ಇದ್ದರೆ ಮಳೆಗೆ ಹೊದೆಯುವ ಕೊಪ್ಪೆ, ನಾಲ್ವರು ಸೇರಿ ಗುಂಡಿ ಹಾಕಿದರೆ ನಾಲ್ವರ ಡೇರೆ. ಒಂದು ಮಗ್ಗುಲು ಗಾಢ ಬಣ್ಣ, ಇನ್ನೊಂದು ತಿಳಿ ಬಣ್ಣ, ಎರಡರಲ್ಲೂ ಚೂಪು ಮೂಲೆಯ ಹಸಿರು-ಕಂದು ತುಂಡುಗಳು ಮತ್ತು ಅವುಗಳ ಮೇಲೆ ಸಣ್ಣ ಹಸಿರು ಗೀರುಗಳು. ಅಸಲಿ ಬಟ್ಟೆ ಎಷ್ಟು ಒತ್ತಾಗಿ ನೇಯ್ದದ್ದೆಂದರೆ ಬೆರಳ ನಡುವೆ ತಿಕ್ಕಿದಾಗ ನುಣುಪಾಗಿ ಜಾರುತ್ತದೆ. ಇಂದಿನ ಪ್ರತಿಗಳ ಒರಟು ಕ್ಯಾನ್ವಾಸ್ ಹಾಗಲ್ಲ.

ಕಪ್ಪು ಬೆಳಕಿನ ಟಾರ್ಚ್ ಎಂದು ಕರೆಯುವ ನೇರಳಾತೀತ ದೀಪದ ಬಗ್ಗೆ ಒಂದು ಮಾತು. ಬಟ್ಟೆ, ದಾರಗಳಿಗೆ ಹೊಳಪು ಕೊಡುವ ರಾಸಾಯನಿಕಗಳ ಬಳಕೆ ವ್ಯಾಪಕವಾದದ್ದು ಯುದ್ಧದ ನಂತರ. ಆದ್ದರಿಂದ ಆ ಬೆಳಕಿಗೆ ಹೊಲಿಗೆಯ ದಾರ ನೀಲಿಬಿಳಿಯಾಗಿ ಹೊಳೆದರೆ ಅನುಮಾನಪಡಬೇಕು. ಆದರೆ ಅಸಲಿ ಚೀಲವನ್ನು ಯಾರಾದರೂ ಇಂದಿನ ಸಾಬೂನು ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ. ಹೊಳೆಯದ ನಕಲಿಗಳೂ ಇವೆ. ದೀಪದ ಮಾತನ್ನು ಉಳಿದ ಸಾಕ್ಷಿಗಳ ಜೊತೆಗಿಟ್ಟು ಕೇಳಿ.

ಹೊಸಬರು ದೂರವಿಡಬೇಕಾದದ್ದು: ಬೆನ್ನಿಗೆ ಕಟ್ಟುವ ನೂಲಿನ ಚೌಕಟ್ಟು, ‘ಆಫ್ರಿಕಾ ಪಡೆ’ಯದೆಂದು ಹೇಳುವ ಕ್ಯಾನ್ವಾಸ್ ಬೆಲ್ಟುಗಳು, ನಾಜಿ ಪಕ್ಷದ ಪಡೆಯಾದ ಎಸ್‌ಎಸ್‌ನದೆಂದು ಗುಸುಗುಸು ದನಿಯಲ್ಲಿ ತೋರಿಸುವ ಏನೇ ಆದರೂ. ಇವುಗಳ ಬೆಲೆಗೂ ಇವುಗಳನ್ನು ಹೊಲಿಯುವ ಸುಲಭಕ್ಕೂ ತಾಳೆಯೇ ಇಲ್ಲ.

ಇನ್ನೊಂದು ವಿಷಯ ಕಾನೂನಿನದು. ನಮ್ಮ ಹೊಸ್ತಿಲ ರಂಗೋಲಿಯ ಸ್ವಸ್ತಿಕ ಬೇರೆ, ಅದು ನಮಗೆ ಗೊತ್ತು. ಆದರೆ ಜರ್ಮನ್ ದಂಡಸಂಹಿತೆಯ 86ಎ ಕಲಮಿನಂತೆ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ, ವಿನಾಯಿತಿ ಇರುವುದು ಅಧ್ಯಯನದಂಥ ಉದ್ದೇಶಗಳಿಗೆ. ಸಂತೆಯಲ್ಲಿ ಬಕಲಿನ ಮೇಲೆ ಕಾಗದ ಅಂಟಿಸಿರುವುದು ಅದಕ್ಕೇ. ಅದನ್ನು ಕೊಂಡು ಕೋಣೆಯಲ್ಲಿ ಹಿಡಿದು ಫೋಟೊ ತೆಗೆದು ಎಲ್ಲರಿಗೂ ಹಂಚುವ ಹುಮ್ಮಸ್ಸು ಬೇಡ. ಬಾಟಲಿ, ಡಬ್ಬಿ, ಚೀಲ, ಡೇರೆ ಬಟ್ಟೆಗೆ ಈ ತಲೆನೋವು ಅಷ್ಟಾಗಿ ಇಲ್ಲ. ಆ ಸೇನೆ ಎಂಥ ಕೃತ್ಯಗಳಲ್ಲಿ ಪಾಲ್ಗೊಂಡಿತ್ತೆಂಬುದು ತಿಳಿದೇ ಸಂಗ್ರಹಿಸುವವನಿಗೆ ಬರಿಯ ಪಾತ್ರೆಪಗಡವೇ ಮೇಲು.

ಕೈಸರನ ಸೇನೆ: ತಾಳ್ಮೆ ಇದ್ದವರಿಗೆ

ಮೊದಲ ಮಹಾಯುದ್ಧದ ಸಾಮಾನು ಕಡಿಮೆ ಉಳಿದಿದೆ, ಉಳಿದದ್ದರಲ್ಲಿ ಓದಲಿಕ್ಕೆ ಹೆಚ್ಚಿದೆ. 1909ರ ಮಾದರಿಯ ಗುಂಡಿನ ಚೀಲವನ್ನು ವೆರ್ಮಾಖ್ಟಿನದರ ಪಕ್ಕದಲ್ಲಿಡಿ: ಇಲ್ಲಿ ಜೇಬಿಗೆ ಇಪ್ಪತ್ತು ಗುಂಡು, ಎರಡು ಕಡೆ ಸೇರಿ ನೂರಿಪ್ಪತ್ತು, ಗಾತ್ರ ನೋಡಿದರೇ ಗೊತ್ತಾಗುತ್ತದೆ. ಚರ್ಮದ ಹಿಂಭಾಗದಲ್ಲಿ ‘ಬಿ.ಎ.’ ಎಂಬ ಅಕ್ಷರಗಳ ನಂತರ ರೋಮನ್ ಅಂಕಿ ಇದ್ದರೆ ಅದು ಯಾವ ಸೇನಾ ವಿಭಾಗದ ಉಡುಪು ಉಗ್ರಾಣದ್ದೆಂದು ತಿಳಿಯುತ್ತದೆ. ಹದಿಮೂರು ಎಂದರೆ ಷ್ಟುಟ್‌ಗಾರ್ಟ್‌ನ ವ್ಯೂರ್ಟೆಂಬರ್ಗ್ ಪಡೆ, ಹದಿನಾಲ್ಕು ಎಂದರೆ ಕಾರ್ಲ್ಸ್‌ರೂಹೆಯ ಬಾಡೆನ್ ಪಡೆ. ಸಾಮ್ರಾಜ್ಯದೊಳಗಿನ ರಾಜ್ಯಗಳ ಬಕಲಿನ ಮೇಲೆ ಧ್ಯೇಯವಾಕ್ಯವೂ ಬೇರೆಬೇರೆ: ಪ್ರಷ್ಯದವರದು ‘ಗಾಟ್ ಮಿಟ್ ಉನ್ಸ್’ (ದೇವರು ನಮ್ಮೊಂದಿಗೆ), ಬವೇರಿಯದವರದು ‘ಇನ್ ಟ್ರೊಯೆ ಫೆಸ್ಟ್’, ವ್ಯೂರ್ಟೆಂಬರ್ಗ್‌ನವರದು ‘ಫುರ್ಖ್ಟ್‌ಲೋಸ್ ಉಂಡ್ ಟ್ರೆವ್’. ವೆರ್ಮಾಖ್ಟಿನ ಬಕಲಿನಲ್ಲೂ ‘ಗಾಟ್ ಮಿಟ್ ಉನ್ಸ್’ ಇದೆ, ಅಲ್ಲಿ ನಡುವೆ ಸ್ವಸ್ತಿಕ ಹಿಡಿದ ಹದ್ದು, ಇಲ್ಲಿ ಕಿರೀಟ.

ಬ್ರಿಟಿಷ್ ನೌಕಾ ದಿಗ್ಬಂಧನದಿಂದ ಹತ್ತಿ, ರಬ್ಬರ್ ನಿಂತುಹೋದಾಗ ಕಾಗದದ ನೂಲಿನಿಂದ ನೇಯ್ದ ಚೀಲ, ಪಟ್ಟಿಗಳು ಬಂದವು. 1917ರ ಅನಿಲ ಮುಖವಾಡ ರಬ್ಬರಿನದಲ್ಲ, ಚರ್ಮದ್ದು. ಕಾಗದದ ಬಟ್ಟೆ ನೀರಿಗೆ ನಿಲ್ಲುವುದಿಲ್ಲ, ಹಾಗಾಗಿ ಉಳಿದದ್ದು ಸ್ವಲ್ಪ. ಸಿಕ್ಕರೆ ಕೊಳೆಯ ಸಮೇತ ಹಾಗೆಯೇ ಇಟ್ಟುಕೊಳ್ಳಿ, ಒಗೆಯುವ ಯೋಚನೆ ಮಾಡಬೇಡಿ.

ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಿದ್ದು 1918ರ ಸೆಪ್ಟೆಂಬರ್ 23ರಂದು. ಎದುರಿಗಿದ್ದ ಒಟ್ಟೋಮನ್ (ತುರ್ಕಿ) ಪಡೆಗೆ ಜರ್ಮನಿ, ಆಸ್ಟ್ರಿಯಗಳ ಬೆಂಬಲವಿತ್ತು. ಹಾಗಾಗಿ ‘ತಾತ ಹೈಫಾದಿಂದ ತಂದ ಜರ್ಮನ್ ಬಾಟಲಿ’ ಎಂಬ ಮಾತು ಅಸಾಧ್ಯವಲ್ಲ. ಆದರೆ ಆ ಕಥೆಗೂ ಬೆಲೆ ಕಟ್ಟುವುದಾದರೆ ತಾತನ ಸೇವಾ ದಾಖಲೆಯೋ ಹಳೆಯ ಪತ್ರವೋ ಜೊತೆಗೆ ಬರಬೇಕು. ಇಲ್ಲದಿದ್ದರೆ ಬಾಟಲಿಗೆ ಮಾತ್ರ ದುಡ್ಡು ಕೊಡಿ.

ಕೊಳ್ಳುವ ಮುನ್ನ ಅಸಲಿಯನ್ನು ಗಾಜಿನ ಹಿಂದೆಯಾದರೂ ನೋಡಬೇಕೆಂದರೆ ಡ್ರೆಸ್ಡೆನ್‌ನ ಸೇನಾ ಇತಿಹಾಸ ವಸ್ತುಸಂಗ್ರಹಾಲಯ, ಇಂಗೋಲ್‌ಷ್ಟಾಟ್‌ನ ಬವೇರಿಯ ಸೇನಾ ವಸ್ತುಸಂಗ್ರಹಾಲಯ, ರಾಷ್ಟಾಟ್ ಅರಮನೆಯ ಸಂಗ್ರಹ ಈ ಮೂರಕ್ಕೂ ಹೋಗಿಬರಬಹುದು. ಮೊದಲ ಯುದ್ಧದ ಮಟ್ಟಿಗೆ ಇಂಗೋಲ್‌ಷ್ಟಾಟ್‌ಗೆ ನನ್ನ ಮತ.

ಮುಟ್ಟಬಾರದ್ದು, ತರಬಾರದ್ದು

ನೆಲದಿಂದ ಅಗೆದು ತೆಗೆದ ಗುರುತಿನ ಬಿಲ್ಲೆಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಆ ಬಿಲ್ಲೆಯ ನಡುವೆ ಮುರಿಯಲು ಅನುಕೂಲವಾಗುವ ಸೀಳು ಇರುತ್ತದೆ. ಸೈನಿಕ ಸತ್ತರೆ ಕೆಳಗಿನ ಅರ್ಧ ಮುರಿದು ದಾಖಲೆಗೆ ಕಳಿಸುತ್ತಿದ್ದರು, ಮೇಲಿನ ಅರ್ಧ ದೇಹದೊಂದಿಗೆ ಉಳಿಯುತ್ತಿತ್ತು. ಮಣ್ಣಿನಲ್ಲಿ ಸಿಕ್ಕ ಪೂರ್ಣ ಬಿಲ್ಲೆ ಎಂದರೆ ಯಾರೂ ಎಣಿಸದೆ ಬಿಟ್ಟ ಮನುಷ್ಯನದಾಗಿರಬಹುದು. ಜರ್ಮನಿಯ ಯುದ್ಧಸಮಾಧಿ ಸಂಸ್ಥೆ ಇಂದೂ ಅಂಥವರ ಅವಶೇಷ ಹುಡುಕಿ ಹೆಸರು ಹಚ್ಚುವ ಕೆಲಸ ಮಾಡುತ್ತಿದೆ. ಬಿಲ್ಲೆ ಮಾರಾಟವಾದರೆ ಆ ಹೆಸರು ಹೋಯಿತು.

ಅನಿಲ ಮುಖವಾಡದ ಉದ್ದನೆಯ, ಉಬ್ಬುಗೆರೆಯ ತಗಡಿನ ಡಬ್ಬಿ ಸುಂದರವಾದ ವಸ್ತು. ಒಳಗಿನ ಮುಖವಾಡವನ್ನು ಮಾತ್ರ ಮುಖಕ್ಕೆ ಏರಿಸಿ ಉಸಿರೆಳೆಯಬೇಡಿ. ಆ ಕಾಲದ ಸೋಸುಕಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಹಳೆಯ ದಿಕ್ಸೂಚಿಗಳ ಹೊಳೆಯುವ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು, ಬಿಚ್ಚಿ ಶುಚಿಮಾಡಲು ಹೋಗಬೇಡಿ.

ಊರಿಗೆ ತರುವವರು ಬಯೊನೆಟ್ಟನ್ನು (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿಯನ್ನು) ಪಟ್ಟಿಯಿಂದ ಬಿಟ್ಟುಬಿಡಿ. ನಮ್ಮ ಶಸ್ತ್ರ ನಿಯಮಗಳ ಅನುಸೂಚಿಯಲ್ಲಿ ಬಯೊನೆಟ್ ಎಂಬ ಹೆಸರೇ ಇದೆ, ಪರವಾನಗಿ ಇಲ್ಲದೆ ಆಮದು ಮಾಡಿಕೊಂಡರೆ ಕಸ್ಟಮ್ಸ್‌ನವರ ಮುಂದೆ ಸಂಗ್ರಾಹಕ ಎಂಬ ಬಿರುದು ಉಪಯೋಗಕ್ಕೆ ಬರುವುದಿಲ್ಲ. ಮಡಚುವ ಸಲಿಕೆ, ಡಬ್ಬಿ, ಚೀಲಗಳಿಗೆ ಆ ತೊಡಕಿಲ್ಲ. ಪೊಟ್ಟಣದ ಮೇಲೆ ‘ಹಳೆಯ ಬಳಸಿದ ಪಾತ್ರೆ’, ‘ಹಳೆಯ ಚರ್ಮದ ಬೆಲ್ಟ್’ ಎಂದು ಇದ್ದದ್ದನ್ನು ಇದ್ದಂತೆ ಬರೆಸಿ.

ಮಂಗಳೂರು, ಮಲೆನಾಡಿನ ಕಡೆಯವರಿಗೆ ಮಳೆಗಾಲದ ಚಿಂತೆ ಬೇರೆ. ಚರ್ಮಕ್ಕೆ ಬೂಷ್ಟು ಬರುತ್ತದೆಂದು ಎಣ್ಣೆ ಸುರಿದರೆ ಹಿತ್ತಾಳೆಯ ರಿವೆಟ್‌ಗಳ ಸುತ್ತ ಹಸಿರು ಕಿಲುಬು ಏಳುತ್ತದೆ, ಹೊಲಿಗೆ ಕೊಳೆಯುತ್ತದೆ. ಪಾಲಿಥಿನ್ ಚೀಲದಲ್ಲಿ ಕಟ್ಟಿಡುವುದು ಇನ್ನೂ ಕೆಟ್ಟದ್ದು. ಒಣ ಬಟ್ಟೆಯಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಿ. ಫೆಲ್ಟ್ ಅಂಗಿಯ ಬಾಟಲಿಗಳಿಗೆ ನುಸಿಯ ಕಾಟವೂ ಇರುವುದರಿಂದ ಅವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು.